ಕೇಳಿಸಿಕೊಂಡ ಹಲಗೆ

ಜಪಾನಿನ ಎಡೊ ನಗರದ ಅಚ್ಚಿನ ಮನೆಗಳಲ್ಲಿ ಹಲಗೆಯ ಮುಂದೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಉಳಿ ತಗುಲಿದ ಚೆರ್ರಿ ಮರದ ಹಲಗೆ ಕೇಳಿದ ಮಾತನ್ನೆಲ್ಲ ಅಕ್ಷರವಾಗಿ ಮೂಡಿಸಿಕೊಳ್ಳುತ್ತಿತ್ತು. ಕೆತ್ತುವವರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೈಸನ್ನೆಯಲ್ಲೇ ಚಹಾ ಕೇಳುತ್ತಿದ್ದರು.

ಅಕ್ಕಿ ಸಿಗದ ಆ ವರ್ಷ, ಒತ್ಸುನೆ ಎಂಬಾಕೆ ನಾಟಕದ ನಟನೊಬ್ಬನ ಚಿತ್ರ ಕೆತ್ತುತ್ತಿದ್ದ ಬೆಳಿಗ್ಗೆ, ಜನ ಬೀದಿಯ ಅಕ್ಕಿ ಮಂಡಿಯ ಬಾಗಿಲು ಒಡೆಯತೊಡಗಿದರು. ಅವಳು ಕಿಟಕಿ ಮುಚ್ಚಿ ಬಂದು ಕೂತಳು. ಮೂರು ದಿನದಿಂದ ಅವಳ ಮನೆಯಲ್ಲಿ ಗಂಜಿಗೂ ಗತಿ ಇರಲಿಲ್ಲ.

ಮೊದಲ ಪ್ರತಿ ತೆಗೆದಾಗ ನಟನ ತೋಳಿನ ಮೇಲೆ ಒಂದು ಸಾಲಿತ್ತು: ‘ಬಚ್ಚಿಟ್ಟ ಅಕ್ಕಿ ಹೊರಗೆ ತೆಗೀರಿ.’

ಯಜಮಾನ ಕಿಹಾಚಿ ಅವಳನ್ನು ಪಕ್ಕದ ಕೋಣೆಗೆ ಕರೆದ. “ಬೀದಿ ಕೂಗು ಒಳಗೆ ಬಂದಿದೆ. ಒಪ್ಪಿಗೆ ಮುದ್ರೆ ಹಾಕೋ ಅಧಿಕಾರಿ ಇನ್ನೇನು ಬರ್ತಾರೆ, ಬೇಗ ಹೆರೆದು ಹಾಕಮ್ಮ. ಅವರು ನೋಡಿದ್ರೆ ಐವತ್ತು ದಿನ ಕೈಗೆ ಕೋಳ.”

“ಬೀದೀದಾಗಿದ್ರೆ ಹಲಗೆ ತುಂಬಾ ಗೀಚಿರೋದು, ಯಜಮಾನ್ರೇ. ಇದು ಯಾರೋ ಒಬ್ಬರ ಮಾತು.”

ಕಿಹಾಚಿ ಅವಳ ಕೊರಳನ್ನೇ ನೋಡಿದ. ಬಾಯಿಯ ಬಟ್ಟೆ ಅಲ್ಲಿಗೆ ಜಾರಿದ್ದು ಅವಳಿಗೂ ತಿಳಿದದ್ದೇ ಆಗ; ಕೆತ್ತುತ್ತಾ ಆ ಮಾತು ಗೊಣಗಿದ್ದು ತಾನೇ.

ಒತ್ಸುನೆ ಉಳಿ ಹಿಡಿದು ಹಲಗೆಯ ಮುಂದೆ ಕೂತಳು. ಹದಿನೇಳು ವರ್ಷ ಕೆತ್ತಿದ್ದರೂ ಒಂದು ಚಿತ್ರದ ಮೇಲೂ ಅವಳ ಹೆಸರಿರಲಿಲ್ಲ. ಮೆಟ್ಟಿಲ ಮೇಲೆ ಅಧಿಕಾರಿಯ ಮರದ ಚಪ್ಪಲಿಯ ಸದ್ದಾಯಿತು. ಅವಳು ಬಟ್ಟೆಯನ್ನು ಬಿಚ್ಚಿಟ್ಟು, ಹಲಗೆಗೆ ಬಾಗಿ ಆ ಸಾಲನ್ನೇ ಇನ್ನೊಮ್ಮೆ ಹೇಳಿದಳು. ಕೊನೆಗೆ ತನ್ನ ಹೆಸರನ್ನೂ ಹೇಳಿದಳು.