ಬ್ರೇಕ್ ಪ್ಯಾಡಿನ ಚಾಡಿ

ಸವೆದ ಬ್ರೇಕ್ ಪ್ಯಾಡಿಗೆ ಬಿಸಿಲು ತಾಗಿದರೆ ಸಾಕು, ಕಾರು ಎಲ್ಲೆಲ್ಲಿ ನಿಂತಿತ್ತೋ ಅಲ್ಲಿನ ಸದ್ದನ್ನೆಲ್ಲ ಕಕ್ಕಿಬಿಡುತ್ತದೆ. ಹಾಗಾಗಿ ಹುಬ್ಬಳ್ಳಿಯಲ್ಲಿ ಮರ್ಯಾದಸ್ಥರು ಯಾರೂ ಅದನ್ನು ಗ್ಯಾರೇಜಿನಲ್ಲಿ ಬಿಚ್ಚಿಸುವುದಿಲ್ಲ. ಮಹಾರುದ್ರಪ್ಪನೂ ಮನೆಯಂಗಳದಲ್ಲೇ ಕಾರಿಗೆ ಜಾಕ್ ಕೊಟ್ಟು ಚಕ್ರ ಕಳಚಿದ್ದ. ಹೆಂಡತಿ ನೀಲಗಂಗಾ ಸಂತೆಯಿಂದ ಬರುವಷ್ಟರಲ್ಲಿ ಹಳೆಯ ಪ್ಯಾಡನ್ನು ನೀರಿಗೆ ಹಾಕಿ ಬಾಯಿ ಮುಚ್ಚಿಸಬೇಕಿತ್ತು. ಗಂಡ ಹೆಂಡತಿ ಇಬ್ಬರಿಗೂ ಸಕ್ಕರೆ ಕಾಯಿಲೆ. ಮನೆಯೊಳಗೆ ಬೆಲ್ಲಕ್ಕೂ ಪ್ರವೇಶವಿರಲಿಲ್ಲ.

ಹೊಸ ಪ್ಯಾಡ್ ಕೂರಿಸಿ ತಿರುಗಿದರೆ, ಅವಳು ಆಗಲೇ ಬಂದು ಹಳೆಯದನ್ನು ಬಿಸಿಲಿಗೆ ಹಿಡಿದಿದ್ದಳು.

ಜಿಲೇಬಿ ಎಣ್ಣೆಗೆ ಬೀಳುವ ಚುರ್ ಸದ್ದು. ಹಿಂದೆಯೇ ಅಂಗಡಿಯವನ ದನಿ: "ರುದ್ರಪ್ಪನೋರ, ದಿನದಂಗ ಕಾಲ್ ಕೆಜಿ ಕಟ್ಲೇನ್ರೀ?"

"ಡಾಕ್ಟರ್ ಹೇಳಿದ್ದು ಮರತ್ರೇನು?" ಎಂದು ನೀಲಗಂಗಾ ಸೊಂಟಕ್ಕೆ ಕೈಯಿಟ್ಟಳು. ಅವನು ತಲೆ ತಗ್ಗಿಸಿದ.

ಪ್ಯಾಡ್ ನಿಲ್ಲಿಸಲಿಲ್ಲ. ಮತ್ತೆ ಚುರ್, ಮತ್ತೆ ಅದೇ ದನಿ: "ಅಕ್ಕಾರ, ನಿಮಗೂ ಕಾಲ್ ಕೆಜಿ ಅಲ್ರೀ? ಸಾಹೇಬ್ರಿಗೆ ಹೇಳಂಗಿಲ್ಲ, ಬಿಡ್ರಿ."

ಅವಳು ಗಡಬಡಿಸಿ ಪ್ಯಾಡನ್ನು ನೀರಿನ ಬಕೆಟ್ಟಿಗೆ ಹಾಕಿದಳು. ಮಹಾರುದ್ರಪ್ಪ ನಗು ತಡೆದುಕೊಂಡು ಸ್ಪ್ಯಾನರ್ ಒರೆಸುತ್ತಾ ಕೂತ.

"ಏನ್ ನೋಡ್ತೀರಿ? ಲಗೂನ ಗಾಲಿ ಹಾಕ್ರಿ," ಎಂದಳು ನೀಲಗಂಗಾ. "ಹೊಸಾ ಬ್ರೇಕಿಗೆ ಗಾಡಿ ಎಲ್ಲಿ ನಿಲ್ತೈತಿ ನೋಡೂಣು. ಒಂದ ಜಿಲೇಬಿ, ಅರ್ಧಾ ಅರ್ಧಾ."