ಹಿಟ್ಸ್ ಆಲ್ಬಮ್‌ನ ಕೊನೆಯ ಹಾಡು

ಪಾಪ್ ಗಾಯಕಿ ಜೆಸಿಂತಾ ಮೇಡಂ ಅವರ ಹಿಟ್ಸ್ ಆಲ್ಬಮ್ ಮರುಬಿಡುಗಡೆಗೆ ಇನ್ನೊಂದೇ ಹಾಡು ಬಾಕಿಯಿತ್ತು. ಅವರ ಹೆಸರಾಂತ ಜೋಗುಳ. ಹೊಸದಾಗಿ ಹಾಡಿಸಬೇಕಾದರೆ ಹಳೆಯದನ್ನು ಅಳಿಸಲೇಬೇಕು. ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುವ ನಾನೇ ಅಳಿಸಿದೆ. ಎಂದಿನಂತೆ ಎಲ್ಲರ ಫೋನಿನಲ್ಲೂ ಆ ಹಾಡು ನಿಂತುಹೋಯಿತು, ಗಾಜಿನಾಚೆ ಕೂತಿದ್ದ ಮೇಡಂ ಗಂಟಲಿಗೆ ವಾಪಸ್ ಬಂತು.

ರೆಕಾರ್ಡ್ ಆದ ಹಾಡು ಹಾಡಿದವರ ಬಾಯಲ್ಲಿ ಉಳಿಯುವುದಿಲ್ಲವಲ್ಲ. ಹಾಗಾಗಿ ಅವರು ಸ್ವಂತ ಮಗಳನ್ನು ಮಲಗಿಸಿದ್ದೂ ಕ್ಯಾಸೆಟ್ ಹಾಕಿಯೇ.

"ಶುರು ಮಾಡೋಣ ಮೇಡಂ," ಅಂದೆ.

ಅವರು ಮೆಲ್ಲಗೆ ಒಂದು ಸಾಲು ಗುನುಗಿ, ಹೆಡ್‌ಫೋನ್ ತೆಗೆದಿಟ್ಟರು. "ಸ್ವಲ್ಪ ಇರಪ್ಪ. ಮಗಳು ಕೆಳಗೆ ಕಾರಲ್ಲಿದ್ದಾಳೆ."

"ರೆಕಾರ್ಡ್ ಆದ್ಮೇಲೆ ಅವರೂ ಕೇಳಬಹುದಲ್ಲ?"

"ರೆಕಾರ್ಡಲ್ಲಿ ಬೇಕಾದಷ್ಟು ಕೇಳಿದಾಳೆ," ಎಂದು ಎದ್ದು ಹೋದರು.

ಅಷ್ಟರಲ್ಲಿ ಮನೆಯಿಂದ ಹೆಂಡತಿಯ ಫೋನು. "ಆ ಜೋಗುಳ ಬರ್ತಾನೇ ಇಲ್ಲ ರೀ. ಪಾಪು ಒಂದೇ ಸಮ ಅಳ್ತಿದೆ. ಯಾವಾಗ ಬರುತ್ತೆ?"

ನಾನು ಕಿಟಕಿಯಿಂದ ಇಣುಕಿದೆ. ಕಾರಿನ ಹಿಂದಿನ ಸೀಟಿನಲ್ಲಿ, ಕಾಲೇಜು ಮುಗಿಸಿದ ಆ ಹುಡುಗಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು.

"ಇವತ್ತು ಬರಲ್ಲ ಕಣೇ," ಅಂದೆ. "ನೀನೇ ಏನಾದ್ರೂ ಹಾಡು."