ಕಟ್ಟದ ಹಲಗೆ

ಕೆಸರಿನ ವಾಸನೆ ಬಂದರೆ ಈಗಲೂ ಸಿದ್ಧಕಟ್ಟೆಯ ತೋಡಿನ ನೀರಿಗೆ ಅಡ್ಡ ಹಾಕಿದ ನಮ್ಮ ಮಣ್ಣಿನ ಕಟ್ಟದ ಆ ಮಧ್ಯಾಹ್ನ ನೆನಪಾಗುತ್ತದೆ.

ಕಟ್ಟದ ಬುಡದಲ್ಲಿ ಸದಾ ತಿಳಿಯಾಗಿ ಜಿನುಗುತ್ತಿದ್ದ ನೀರು ಅಂದು ಕೆಂಪಾಗಿತ್ತು. ಅಮ್ಮ ಅದನ್ನು ಬೊಗಸೆಯಲ್ಲಿ ಹಿಡಿದು ದೊಡ್ಡಪ್ಪನಿಗೆ ತೋರಿಸಿದರು.

"ಒಳಗಿನ ಮಣ್ಣು ಹೋಗ್ತಾ ಉಂಟು ಭಾವ, ಕಟ್ಟ ಒಡೆದೀತು. ಹಲಗೆ ತೆಗೆದು ನೀರು ಬಿಡುವ."

"ನಮ್ಮ ಕಟ್ಟ, ನಮ್ಮ ನೀರು. ಸುಗ್ಗಿಯ ಭತ್ತಕ್ಕೆ ಬೇಡವಾ?" ದೊಡ್ಡಪ್ಪ ಗದರಿದರು.

ಕಟ್ಟದ ಕೆಳಗಿನ ಮನೆಯ ಆಯಿಷಮ್ಮ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು.

"ನೀರು ನಮ್ಮದೇ. ಆ ಮನೆ ನಮ್ಮದಲ್ಲ," ಎಂದ ಅಮ್ಮ ಸೆರಗು ಸಿಕ್ಕಿಸಿ, ಕಟ್ಟದ ಬಾಯಿಗೆ ಅಡ್ಡವಿದ್ದ ಮೊದಲ ಹಲಗೆಯನ್ನು ಹಾರೆಯಿಂದ ಎಬ್ಬಿಸಿದರು. ನೀರು ತೋಡಿಗೆ ಧುಮುಕಿತು.

"ಇನ್ನು ನಿನ್ನ ಕೈಯ ಊಟ ನನಗೆ ಬೇಡ!" ದೊಡ್ಡಪ್ಪ ಕೂಗಿದರು.

ಅಮ್ಮ ಎರಡನೇ ಹಲಗೆಗೆ ಹಾರೆ ಹಾಕಿದರು. "ಒಳ್ಳೆಯದೇ ಆಯ್ತು ಭಾವ. ಸುಗ್ಗಿ ಇಲ್ಲದಿದ್ದರೆ ಅಕ್ಕಿಯೂ ಕಡಿಮೆಯೇ ಅಲ್ವಾ?"